ಸಮತಟ್ಟು ನೆಲದಲ್ಲಿ ಸ್ಲಾಲಂ: ಕೋನ್ ದಾಟುವ ಮೊದಲೇ ಒತ್ತಿ

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 31. ಕೆಲವು ತಿಂಗಳಿಂದ ಸ್ಕೇಟ್‌ಬೋರ್ಡ್ ಓಡಿಸುತ್ತಿದ್ದೇನೆ. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಹಾವಿನಂತೆ ಬಳುಕಿ ಹೋಗುವ ಸ್ಲಾಲಂ ರೇಸ್‌ಗಳ ವಿಡಿಯೊ ನೋಡಿ ಆಸೆಯಾಯಿತು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪೇಪರ್ ಲೋಟಗಳನ್ನು ಐದು ಅಡಿಗೊಂದರಂತೆ ಇಟ್ಟು ಅಭ್ಯಾಸ ಮಾಡುತ್ತೇನೆ. ಕಾಲಲ್ಲಿ ಎರಡು ಸಲ ತಳ್ಳಿ ಹೊರಟರೆ ಏಳೆಂಟು ಲೋಟ ದಾಟುವಷ್ಟರಲ್ಲಿ ಬೋರ್ಡ್ ನಿಂತೇ ಹೋಗುತ್ತದೆ. ಸ್ವಲ್ಪ ಇಳಿಜಾರು ಇದ್ದರೆ ಮಾತ್ರ ಆರಾಮಾಗಿ ಹೋಗುತ್ತದೆ. ಎಷ್ಟು ಸೊಂಟ ಅಲ್ಲಾಡಿಸಿದರೂ ವೇಗ ಬರುವುದಿಲ್ಲ, ಬೆನ್ನು ಮಾತ್ರ ನೋಯುತ್ತದೆ. ನನ್ನದು ಮಾಮೂಲಿ ಬೋರ್ಡ್, 52 ಮಿ.ಮೀ. ಗಟ್ಟಿ ಚಕ್ರ. ತಪ್ಪು ನನ್ನದಾ, ಬೋರ್ಡಿನದಾ? ಮುಂಭಾಗ ತುಂಬ ಸಡಿಲವಾಗಿ ತಿರುಗುವ ಸರ್ಫ್‌ಸ್ಕೇಟ್ ಬೋರ್ಡ್ ಕೊಂಡರೆ ಸರಿಹೋಗುತ್ತದಾ?

ಉತ್ತರ: ಬೋರ್ಡಿನದು ಸ್ವಲ್ಪ, ಲೋಟಗಳ ಅಂತರದ್ದು ಜಾಸ್ತಿ, ಒತ್ತುವ ಹೊತ್ತಿನದು ಎಲ್ಲಕ್ಕಿಂತ ಜಾಸ್ತಿ. ಸೊಂಟ ಅಲ್ಲಾಡಿಸಿದರೆ ವೇಗ ಬರುತ್ತದೆ ಅನ್ನುವುದನ್ನು ಮೊದಲು ಮರೆತುಬಿಡಿ. ವಿಡಿಯೊದಲ್ಲಿ ಕಣ್ಣಿಗೆ ಬೀಳುವುದು ಸೊಂಟ. ಕೆಲಸ ಮಾಡುವುದು ಕಾಲು. ಆ ಕಾಲು ಯಾವಾಗ ಒತ್ತುತ್ತದೆ, ಯಾವಾಗ ಬಿಡುತ್ತದೆ ಅನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಅರ್ಧ ದಾರಿ ಸವೆದ ಹಾಗೆ. ಚಕ್ರ ಮುಂದಕ್ಕೆ ಸಲೀಸಾಗಿ ಉರುಳುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ನೀವು ಲೋಟಗಳ ಸಾಲಿನ ಮೇಲೆ ನೇರವಾಗಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಕೆಳಗೆ ಬೋರ್ಡ್ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹರಿಯುತ್ತಿದೆ. ಈಗ ಬೋರ್ಡ್ ಓರೆಯಾಗಿ ಎಡಕ್ಕೆ ಹೊರಟಿದೆ, ನಿಮ್ಮಿಂದ ದೂರ ಹೋಗುತ್ತಿದೆ. ಈ ಹೊತ್ತಿನಲ್ಲಿ ಕಾಲು ಚಾಚಿ ಅದನ್ನು ಇನ್ನಷ್ಟು ಎಡಕ್ಕೆ ಒತ್ತಿದರೆ ಏನಾಗುತ್ತದೆ? ಅಡ್ಡಕ್ಕೆ ಜಾರಲು ಚಕ್ರ ಒಪ್ಪುವುದಿಲ್ಲ. ಹಾಗಾಗಿ ನೆಲ ನಿಮ್ಮನ್ನು ಮರಳಿ ಒತ್ತುತ್ತದೆ. ಚಕ್ರ ಓರೆಯಾಗಿರುವುದರಿಂದ ಆ ಒತ್ತಡದ ಒಂದು ಪಾಲು ಬಲಕ್ಕೂ ಒಂದು ಪಾಲು ಮುಂದಕ್ಕೂ ಹೋಗುತ್ತದೆ. ಆ ಮುಂದಕ್ಕೆ ಹೋದ ಪಾಲೇ ನಿಮ್ಮ ವೇಗ.

ಬೋರ್ಡ್ ಎಡತುದಿ ಮುಟ್ಟಿ ಲೋಟ ದಾಟಿ ಈಗ ವಾಪಸ್ ನಿಮ್ಮ ಕಡೆ ಬರುತ್ತಿದೆ. ಈಗಲೂ ನೀವು ಎಡಕ್ಕೇ ಒತ್ತುತ್ತಿದ್ದರೆ? ಓರೆ ಈಗ ಉಲ್ಟಾ ಆಗಿದೆ. ನೆಲದ ಒತ್ತಡದ ಒಂದು ಪಾಲು ಹಿಂದಕ್ಕೆ ಬರುತ್ತದೆ. ಅಂದರೆ ಅಷ್ಟೇ ಕಷ್ಟಪಟ್ಟು ನೀವು ಬ್ರೇಕ್ ಹಾಕುತ್ತಿದ್ದೀರಿ. ಜೋಕಾಲಿ ದೂರ ಹೋಗುವಾಗ ನೂಕಿದರೆ ಜೀಕು ಏರುತ್ತದೆ, ಹತ್ತಿರ ಬರುವಾಗ ನೂಕಿದರೆ ನಿಲ್ಲುತ್ತದೆ, ಅಲ್ವಾ? ಇದೂ ಅದೇ ಲೆಕ್ಕ.

ಹೊಸಬರಲ್ಲಿ ಹೆಚ್ಚಿನವರು ಲೋಟ ಕಂಡ ಮೇಲೆ ತಿರುಗಿಸಲು ಶುರು ಮಾಡುತ್ತಾರೆ. ಲೋಟ ಪಕ್ಕಕ್ಕೆ ಬಂದಾಗ ಒತ್ತಲು ಶುರು ಮಾಡುತ್ತಾರೆ. ಒತ್ತಡ ಜೋರಾಗುವಷ್ಟರಲ್ಲಿ ಲೋಟ ಹಿಂದೆ ಹೋಗಿರುತ್ತದೆ. ಒಂದನೇ ಲೋಟಕ್ಕೆ ಸ್ವಲ್ಪ ತಡ, ಎರಡನೆಯದಕ್ಕೆ ಇನ್ನೂ ಸ್ವಲ್ಪ ತಡ. ಏಳನೆಯದರ ಹೊತ್ತಿಗೆ ಪೂರ್ತಿ ಬ್ರೇಕೇ. ನಿಮ್ಮ ಏಳೆಂಟು ಲೋಟದ ಕತೆ ಇದೇ ಇರಬೇಕು ಅಂತ ನನ್ನ ಊಹೆ. ಇಳಿಜಾರಲ್ಲಿ ಇದು ಗೊತ್ತಾಗುವುದಿಲ್ಲ. ನೀವು ಕಳೆದುಕೊಂಡ ವೇಗವನ್ನು ಇಳಿಜಾರು ಸುಮ್ನೆ ತುಂಬಿಕೊಡುತ್ತಾ ಹೋಗುತ್ತದೆ. ಅದಕ್ಕೇ ಸಮತಟ್ಟು ನೆಲದಲ್ಲಿ ಕಲಿಯುತ್ತಿರುವುದು ಒಳ್ಳೆಯದೇ. ಇಲ್ಲಿ ತಪ್ಪು ಮುಚ್ಚಿಹೋಗುವುದಿಲ್ಲ.

ಸಮತಟ್ಟಿನಲ್ಲಿ ಕಾಲು ಕೆಳಗಿಡದೆ ಹೋಗುತ್ತಲೇ ಇರಲು ಆಗುತ್ತದಾ ಅಂತ ಅನುಮಾನ ಇದ್ದರೆ, ಖಂಡಿತ ಆಗುತ್ತದೆ. ಅಮೆರಿಕದ ಮಯಾಮಿ ಹತ್ತಿರ ಹೋಮ್‌ಸ್ಟೆಡ್ ಕಾರ್ ರೇಸ್ ಟ್ರ್ಯಾಕ್‌ನಲ್ಲಿ ಅಲ್ಟ್ರಾಸ್ಕೇಟ್ ಅನ್ನುವ 24 ಗಂಟೆಯ ಸ್ಕೇಟ್ ಓಟ ನಡೆಯುತ್ತದೆ. ಅಲ್ಲಿ ಪಂಪ್ ಮಾಡಿಕೊಂಡೇ, ಅಂದರೆ ಹೀಗೆ ಒತ್ತಿ ಬಿಟ್ಟು ವೇಗ ಪಡೆಯುತ್ತಲೇ, ಸುತ್ತು ಹೊಡೆಯುವವರಿದ್ದಾರೆ. ಅವರದು ಬೇರೆ ಬೋರ್ಡ್, ಉದ್ದ ಲಯ. ಆದರೆ ಮೂಲ ತಂತ್ರ ಒಂದೇ.

ಈಗ ನಿಮ್ಮ ಐದು ಅಡಿ ಅಂತರಕ್ಕೆ ಬರೋಣ. ನೀವು ನೋಡಿದ್ದು ಟೈಟ್ ಸ್ಲಾಲಂ ವಿಡಿಯೊ ಇರಬೇಕು. ಅಲ್ಲಿ ಕೋನ್‌ಗಳು ಅಷ್ಟು ಹತ್ತಿರ ಇರುವುದು ನಿಜ. ಆದರೆ ಅವರ ಕಾಲು ಒಂದು ಸೆಕೆಂಡಿಗೆ ಮೂರು ಕೋನ್‌ಗಿಂತ ಜಾಸ್ತಿ ದಾಟುವ ವೇಗದಲ್ಲಿ ಆಡುತ್ತಿರುತ್ತದೆ. ಹೊಸಬರ ಕಾಲು ಹಿತವಾಗಿ ಆಡುವುದು ಸೆಕೆಂಡಿಗೆ ಒಂದು ತಿರುವಿನಂತೆ. ಐದು ಅಡಿಗೆ ಒಂದು ಸೆಕೆಂಡ್ ಅಂದರೆ ಗಂಟೆಗೆ ಐದೂವರೆ ಕಿ.ಮೀ. ಅದು ನಡೆಯುವ ವೇಗ. ಅಷ್ಟು ನಿಧಾನದಲ್ಲಿ ಬೋರ್ಡ್ ಸರಿಯಾಗಿ ವಾಲುವುದೂ ಇಲ್ಲ, ಒತ್ತಿದರೆ ತಿರುಗಿ ಒತ್ತುವುದೂ ಇಲ್ಲ. ಬ್ಯಾಲೆನ್ಸ್ ಹುಡುಕುವುದರಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ.

ಒಂಬತ್ತು ಅಡಿಗೆ ಇಡಿ, ಸುಮಾರು 2.7 ಮೀಟರ್. ಅದೇ ಸೆಕೆಂಡಿಗೊಂದರ ಲಯದಲ್ಲಿ ನೀವು ಗಂಟೆಗೆ ಹತ್ತು ಕಿ.ಮೀ. ಹತ್ತಿರ ಹೋಗುತ್ತೀರಿ. ಇದು ಕಲಿಯಲು ಹೇಳಿಮಾಡಿಸಿದ ವೇಗ. ಬೀಳುವಂತಾದರೆ ಬೋರ್ಡಿನಿಂದ ಇಳಿದು ನಾಲ್ಕು ಹೆಜ್ಜೆ ಓಡಿ ಸುಧಾರಿಸಿಕೊಳ್ಳಬಹುದು. ಬೋರ್ಡಿಗೂ ಜೀವ ಬಂದಿರುತ್ತದೆ. ಪಾರ್ಕಿಂಗ್ ಜಾಗ ಚಿಕ್ಕದಾಗಿದ್ದರೆ ಐದೇ ಲೋಟ ಸಾಕು, ಅಂತರ ಮಾತ್ರ ಕಡಿಮೆ ಮಾಡಬೇಡಿ. ಇಪ್ಪತ್ತು ಲೋಟ ಇಡುವಷ್ಟು ಜಾಗ ಸಿಕ್ಕಾಗ, ಕೊನೆಯ ಲೋಟದಲ್ಲೂ ಮೊದಲಿನಷ್ಟೇ ವೇಗ ಇದ್ದರೆ ಎಂಟು ಅಡಿಗೆ ಬನ್ನಿ. ಆಮೇಲೆ ಏಳು, ಆರು. ಐದಕ್ಕೆ ಬರಲು ತಿಂಗಳುಗಳೇ ಹಿಡಿಯಬಹುದು. ಹಿಡಿಯಲಿ.

ನಿಲ್ಲುವ ಭಂಗಿ. ಮಾಮೂಲಿ ಬೋರ್ಡಿನಲ್ಲಿ ಟ್ರಿಕ್ ಕಲಿತವರು ಹಿಂದಿನ ಕಾಲನ್ನು ಬೋರ್ಡಿನ ಬಾಲದ, ಅಂದರೆ ಹಿಂತುದಿಯ ಮೇಲೆ ಇಡುತ್ತಾರೆ. ಇಲ್ಲಿ ಅದು ಬೇಡ. ಬಾಲದ ಮೇಲೆ ಭಾರ ಬಿದ್ದರೆ ಮುಂದಿನ ಚಕ್ರಗಳು ಹಗುರ ಆಗುತ್ತವೆ, ತಿರುವಿಗೆ ಹಿಡಿತ ಸಿಗುವುದಿಲ್ಲ. ಮುಂದಿನ ಪಾದ ಮುಂದಿನ ಬೋಲ್ಟ್‌ಗಳ ಮೇಲೆ, ಹಿಂದಿನ ಪಾದದ ಮುಂಗಾಲು ಹಿಂದಿನ ಬೋಲ್ಟ್‌ಗಳ ಮೇಲೆ ಅಥವಾ ಅದಕ್ಕಿಂತ ಒಂದೆರಡು ಬೆರಳು ಮುಂದೆ. ಮುಂದಿನ ಪಾದ ಪೂರ್ತಿ ಅಡ್ಡ ಇರಬಾರದು. ಹೋಗುವ ದಿಕ್ಕಿಗೆ ಸುಮಾರು 45 ಡಿಗ್ರಿ ತಿರುಗಿಸಿ. ಆಗ ಸೊಂಟ ತಾನಾಗಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಪಾದ ಅಡ್ಡ ಇದ್ದಾಗ ಬೋರ್ಡ್ ವಾಲಿಸಲು ಬೆರಳು, ಹಿಮ್ಮಡಿ ಎರಡೇ ಸಾಧನ. ಓರೆ ಇದ್ದಾಗ ಮಂಡಿಯೂ ಕೆಲಸಕ್ಕೆ ಬರುತ್ತದೆ. ಮಂಡಿಯನ್ನು ಒಂದಿಷ್ಟು ಬಲಕ್ಕೆ ಬಾಗಿಸಿದರೆ ಸಾಕು, ಬೋರ್ಡ್ ಬಲಕ್ಕೆ ತಿರುಗುತ್ತದೆ.

ಹಿಂದಿನ ಹಿಮ್ಮಡಿ ಸ್ವಲ್ಪ ಎದ್ದಿದ್ದರೂ ಪರವಾಗಿಲ್ಲ, ಎಷ್ಟೋ ಸ್ಲಾಲಂ ಓಟಗಾರರು ಹಾಗೇ ನಿಲ್ಲುತ್ತಾರೆ. ಹಿಂದಿನ ಮಂಡಿ ಮುಂದಿನ ಮಂಡಿಯ ಹಿಂದೆ ಹತ್ತಿರಕ್ಕೆ ಬರಲಿ. ಮುಂದಿನ ಕಾಲು ದಾರಿ ತೋರಿಸುತ್ತದೆ, ಹಿಂದಿನ ಕಾಲು ದೂಡುತ್ತದೆ. ಕೈಗಳು ಸೊಂಟದ ಎತ್ತರದಲ್ಲಿ, ಮುಂದೆ, ಕಣ್ಣಿಗೆ ಕಾಣುವ ಹಾಗೆ ಇರಲಿ. ಎದೆ ಲೋಟಗಳ ಸಾಲನ್ನು ನೋಡುತ್ತಿರಲಿ. ಕಣ್ಣು ಹತ್ತಿರದ ಲೋಟದ ಮೇಲೆ ಬೇಡ, ಅದರಾಚೆ ಎರಡನೆಯದೋ ಮೂರನೆಯದೋ ಲೋಟದ ಮೇಲೆ ಇರಲಿ. ಕಾಲಡಿಯ ಲೋಟ ನೋಡುವವರಿಗೆ ತಡವಾಗುವುದು ತಪ್ಪುವುದಿಲ್ಲ.

ಬೆನ್ನು ನೋವಿನ ಗುಟ್ಟೂ ಇಲ್ಲೇ ಇದೆ. ಮಂಡಿ ಬಗ್ಗಿಸುವ ಬದಲು ನೀವು ಸೊಂಟದಲ್ಲಿ ಬಗ್ಗಿ, ಭುಜ ತಿರುವಿ ಬೋರ್ಡನ್ನು ಎಳೆಯುತ್ತಿರಬಹುದು. ಭುಜ ತಿರುವಿದರೂ ಬೋರ್ಡ್ ತಿರುಗುತ್ತದೆ, ಇಲ್ಲ ಅಂತಲ್ಲ. ಆದರೆ ಆ ತಿರುವನ್ನು ಮತ್ತೆ ಬಿಡಿಸಿ ಇನ್ನೊಂದು ಕಡೆಗೆ ಒಯ್ಯಲು ಸಮಯ ಬೇಕು. ತಲೆ ಮತ್ತು ಭುಜ ಸಾಲಿನ ಮೇಲೇ ನೇರ ಹೋಗಲಿ, ಬೋರ್ಡ್ ಮಾತ್ರ ಆಚೀಚೆ ಹೋಗಲಿ.

ಅಭ್ಯಾಸ ಹೇಗೆ ಅಂದರೆ, ಮೊದಲು ಲೋಟಗಳನ್ನು ಎತ್ತಿಡಿ. ಸೀಮೆಸುಣ್ಣದಲ್ಲಿ ಒಂದು ಉದ್ದ ನೇರ ಗೆರೆ ಎಳೆಯಿರಿ. ಜಾಗ ಗುಡಿಸಿಕೊಂಡೇ ಶುರು ಮಾಡಿ. ನುಣುಪು ಸಿಮೆಂಟಿನ ಮೇಲೆ ಒಂದು ಹಿಡಿ ಮರಳು ಸಾಕು ಚಕ್ರ ಜಾರಲು. ಎರಡು ಸಲ ತಳ್ಳಿ ಗೆರೆಯ ಮೇಲೆ ಹೊರಡಿ. ತಲೆ ಗೆರೆಯ ಮೇಲೆ, ಬೋರ್ಡ್ ಗೆರೆಯ ಎರಡೂ ಕಡೆ ಒಂದೊಂದು ಗೇಣು. ಬೋರ್ಡ್ ಗೆರೆ ದಾಟುವಾಗ ಮಂಡಿ ಪೂರ್ತಿ ಬಾಗಿರಬೇಕು, ದೇಹ ಹಗುರ. ಬೋರ್ಡ್ ಗೆರೆಯಿಂದ ಹೊರಗೆ ಹೊರಟ ಕೂಡಲೇ ಕಾಲು ಚಾಚಿ ಒತ್ತಿ. ಹೊರತುದಿ ಮುಟ್ಟುವ ಮೊದಲೇ ಒತ್ತುವುದು ಮುಗಿದಿರಬೇಕು. ಆಮೇಲೆ ಕಾಲು ಸಡಿಲ ಬಿಟ್ಟು ಬೋರ್ಡನ್ನು ನಿಮ್ಮ ಕೆಳಗೆ ಮರಳಿ ಬರಲು ಬಿಡಿ.

ಎರಡೂ ಕಡೆ ಒಟ್ಟಿಗೆ ಹಿಡಿತಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಕಡೆ ಮಾತ್ರ ಒತ್ತಿ. ಎಡಕ್ಕೆ ಹೋಗುವಾಗ ಒತ್ತಿ, ಬಲಕ್ಕೆ ಸುಮ್ನೆ ತೇಲಿ. ಗೆರೆಯ ಕೊನೆ ಮುಟ್ಟಿ ವಾಪಸ್ ಬರುವ ಓಟದಲ್ಲಿ ಇನ್ನೊಂದು ಕಡೆ ಮಾತ್ರ ಒತ್ತಿ. ಯಾವುದು ದುರ್ಬಲ ಅಂತ ಮೂರ್ನಾಲ್ಕು ಓಟದಲ್ಲೇ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಹಿಮ್ಮಡಿ ಕಡೆಗೆ ವಾಲುವ ತಿರುವು ಸೋಲುತ್ತದೆ, ಬಿದ್ದೇನು ಅನ್ನುವ ಭಯ ಅಲ್ಲಿ ಜಾಸ್ತಿ. ಒಂದೇ ಕಡೆ ಒತ್ತುವ ಈ ಅಭ್ಯಾಸ ನೋಡಲು ತಮಾಷೆಯಾಗಿರುತ್ತದೆ. ಪಾರ್ಕಿಂಗ್‌ನಲ್ಲಿ ನಿಂತು ನೋಡುವ ಮಕ್ಕಳು ನಗುತ್ತಾರೆ. ಆದರೂ ಹೊಸಬರಿಗೆ ಒಂದೇ ಒಂದು ಅಭ್ಯಾಸ ಹೇಳಿ ಅಂದರೆ ನಾನು ಹೇಳುವುದು ಇದನ್ನೇ.

ಆಮೇಲೆ ಲೋಟಗಳು. ಪ್ರತಿ ಲೋಟಕ್ಕಿಂತ ಒಂದೂವರೆ ಅಡಿ ಹಿಂದೆ, ಅಂದರೆ ನೀವು ಬರುವ ಕಡೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಹಾಕಿ. ಆ ಗೆರೆ ಬರುವಷ್ಟರಲ್ಲಿ ಒತ್ತುವುದು ಮುಕ್ಕಾಲು ಮುಗಿದಿರಬೇಕು. ಈಗ ನಿಮ್ಮ ಗಮನ ಲೋಟದ ಮೇಲಲ್ಲ, ಗೆರೆಯ ಮೇಲೆ. ಲೋಟ ಬರೀ ದಾಟಿಹೋಗುವ ವಸ್ತು. ಲಯ ತಪ್ಪುತ್ತಿದ್ದರೆ ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕೆ 60ರಲ್ಲಿ ಬಿಡಿ. ಒಂದೊಂದು ಟಿಕ್‌ಗೆ ಒಂದೊಂದು ಸಲ ಒತ್ತಿ. ಸಂಗೀತ, ತಾಳ ಗೊತ್ತಿದ್ದವರಿಗೆ ಇದು ಬೇಗ ಹತ್ತುತ್ತದೆ.

ನಿಮಗೆ ತಡವಾಗುತ್ತಿದೆಯಾ ಅಂತ ಹೇಗೆ ತಿಳಿಯುವುದು? ಓಡಿಸುವಾಗ ಗೊತ್ತಾಗುವುದಿಲ್ಲ. ಎಲ್ಲರಿಗೂ ತಾವು ಸರಿಯಾದ ಹೊತ್ತಿಗೇ ಒತ್ತುತ್ತಿದ್ದೇವೆ ಅನ್ನಿಸುತ್ತದೆ. ಮುಂದಿನ ಎರಡು ಚಕ್ರಗಳಿಗೆ ಬಣ್ಣದ ಸೀಮೆಸುಣ್ಣ ಚೆನ್ನಾಗಿ ಉಜ್ಜಿ, ನಿಧಾನವಾಗಿ ನಾಲ್ಕು ಲೋಟ ದಾಟಿ. ನೆಲದ ಮೇಲೆ ಗುರುತು ಮೂಡುತ್ತದೆ. ಕುಕ್ಕರಗಾಲಲ್ಲಿ ಕೂತು ನೋಡಿ. ಬಾಗಿದ ಗೆರೆಯ ಹೊರತುದಿ ಎಲ್ಲಿದೆ? ಲೋಟದ ಪಕ್ಕದಲ್ಲೋ ಅದಕ್ಕಿಂತ ಕೊಂಚ ಮೊದಲೋ ಇದ್ದರೆ ಸರಿ. ಲೋಟ ದಾಟಿ ಒಂದಡಿ ಮುಂದೆ ಇದ್ದರೆ ರೋಗ ಸಿಕ್ಕಿತು. ಗೆರೆ ತೀರಾ ಅಗಲಕ್ಕೆ ಹೋಗಿದ್ದರೆ ಅದೂ ತಪ್ಪೇ. ಲೋಟದಿಂದ ಒಂದು ಗೇಣಿಗಿಂತ ಆಚೆ ಹೋಗುವ ಕೆಲಸವಿಲ್ಲ. ದೊಡ್ಡ ತಿರುವು ಹಾಕಿದರೆ ಜಾಸ್ತಿ ವೇಗ ಬರುತ್ತದೆ ಅಂತ ಅನ್ನಿಸುತ್ತದೆ, ನಡೆಯುವುದು ಉಲ್ಟಾ. ಚಕ್ರ ಉಜ್ಜಿಕೊಂಡು ವೇಗ ಸೋರಿಹೋಗುತ್ತದೆ. ನೋಡಿ ಆದ ಮೇಲೆ ಚಕ್ರ ಒರೆಸಿಕೊಳ್ಳಿ, ಸುಣ್ಣದ ಪುಡಿ ಸ್ವಲ್ಪ ಜಾರುತ್ತದೆ.

ಇನ್ನೊಂದು ದಾರಿ ಫೋನ್. ಸಾಲಿನ ಕೊನೆಯಲ್ಲಿ ನೆಲಕ್ಕೆ ಹತ್ತಿರ ಇಟ್ಟು ಸ್ಲೋ ಮೋಷನ್‌ನಲ್ಲಿ ಎದುರಿನಿಂದ ತೆಗೆಯಿರಿ. ಲೋಟದ ಪಕ್ಕದಲ್ಲಿ ಕಾಲು ಅತಿ ಉದ್ದ ಇರಬೇಕು. ಎರಡು ಲೋಟಗಳ ನಡುವೆ ಅತಿ ಗಿಡ್ಡ. ಇದು ತಿರುಗಾಮುರುಗಾ ಆಗಿದ್ದರೆ ಅಥವಾ ಕಾಲಿನ ಉದ್ದ ಬದಲಾಗದೇ ಇದ್ದರೆ ನೀವು ಬರೀ ತಿರುಗಿಸುತ್ತಿದ್ದೀರಿ, ಪಂಪ್ ಮಾಡುತ್ತಿಲ್ಲ. ಅದೇ ವಿಡಿಯೊದಲ್ಲಿ ಮೊದಲ ಐದು ಲೋಟಕ್ಕೆ ಎಷ್ಟು ಸಮಯ, ಕೊನೆಯ ಐದಕ್ಕೆ ಎಷ್ಟು ಅಂತ ನೋಡಿ. ಆ ಎರಡು ಸಂಖ್ಯೆ ಸಮ ಆಗುವುದೇ ಸದ್ಯಕ್ಕೆ ನಿಮ್ಮ ಗುರಿ. ಲೋಟ ಬಿದ್ದವಾ ಇಲ್ಲವಾ ಅಂತ ಈಗ ಲೆಕ್ಕ ಇಡಬೇಡಿ. ರೇಸ್‌ನಲ್ಲೂ ಸಾಮಾನ್ಯವಾಗಿ ಒಂದು ಕೋನ್ ಬಿದ್ದರೆ 0.1 ಸೆಕೆಂಡ್ ದಂಡ, ಅಷ್ಟೆ. ತಡವಾದ ಒಂದು ತಿರುವು ಅದಕ್ಕಿಂತ ಜಾಸ್ತಿ ತಿನ್ನುತ್ತದೆ.

ಇನ್ನು ಬೋರ್ಡ್. 52 ಮಿ.ಮೀ. ಗಟ್ಟಿ ಚಕ್ರ ಈ ಕೆಲಸಕ್ಕೆ ಆಗಿಬರುವುದಿಲ್ಲ, ನಿಜ. ಒತ್ತಿದಾಗ ನೆಲವನ್ನು ಹಿಡಿದುಕೊಳ್ಳುವ ಚಕ್ರ ಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫ್ರ್ಯಾಂಕ್ ನಾಸ್ವರ್ದಿ ಯುರೆಥೇನ್ ಅನ್ನುವ ಹಿಡಿತವಿರುವ ಪ್ಲಾಸ್ಟಿಕ್ಕಿನ ಚಕ್ರ ತಂದ ಮೇಲೇ ಸ್ಲಾಲಂ ದೊಡ್ಡದಾಗಿ ಬೆಳೆಯಿತು. ಅಲ್ಲಿನ ಲಾ ಕೋಸ್ಟಾದ ಖಾಲಿ ಬಡಾವಣೆ ರಸ್ತೆಗಳು ಅದರ ಅಡ್ಡೆಯಾದವು. ಅದಕ್ಕೂ ಮೊದಲಿನ ಜೇಡಿ ಚಕ್ರ, ಉಕ್ಕಿನ ಚಕ್ರಗಳು ಅಡ್ಡ ಒತ್ತಿದರೆ ಜಾರಿಬಿಡುತ್ತಿದ್ದವು. ನಿಮ್ಮ ಗಟ್ಟಿ ಚಕ್ರ ಅಷ್ಟು ಕೆಟ್ಟದ್ದಲ್ಲ. ಆದರೂ 65 ಮಿ.ಮೀ. ಆಸುಪಾಸಿನ, 78ಎ ಮೃದುತನದ (ಸಂಖ್ಯೆ ಕಡಿಮೆಯಾದಷ್ಟೂ ಮೃದು) ಚಕ್ರ ಹಾಕಿದರೆ ವ್ಯತ್ಯಾಸ ಮೊದಲ ಓಟದಲ್ಲೇ ಗೊತ್ತಾಗುತ್ತದೆ. ಪಾರ್ಕಿಂಗ್ ಸಿಮೆಂಟಿನ ತರಿ, ಸಂದುಗಳೂ ಅಷ್ಟು ಕಾಡುವುದಿಲ್ಲ.

ದೊಡ್ಡ ಚಕ್ರ ಹಾಕಿದರೆ ಟ್ರಕ್ (ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಮತ್ತು ಡೆಕ್ (ನಿಲ್ಲುವ ಹಲಗೆ) ನಡುವೆ ಎತ್ತರ ಕೊಡುವ ರೈಸರ್ ಪ್ಯಾಡ್ ಬೇಕೇ ಬೇಕು, ಅದಕ್ಕೆ ತಕ್ಕ ಉದ್ದದ ಬೋಲ್ಟೂ ಬೇಕು. ಹಾಕಿದ ಮೇಲೆ ಗೋಡೆ ಹಿಡಿದು ಬೋರ್ಡಿನ ಒಂದು ಅಂಚಿನ ಮೇಲೆ ಪೂರ್ತಿ ಭಾರ ಬಿಟ್ಟು ನೋಡಿ. ಚಕ್ರ ಡೆಕ್‌ಗೆ ತಾಗಬಾರದು. ತಾಗಿದರೆ ಓಡುವಾಗ ಚಕ್ರ ಒಮ್ಮೆಲೇ ಕಚ್ಚಿಕೊಳ್ಳುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ.

ಚಕ್ರಕ್ಕಿಂತ ಮೊದಲು ಖರ್ಚಿಲ್ಲದ ಕೆಲಸ ಒಂದಿದೆ. ಮುಂದಿನ ಟ್ರಕ್ಕಿನ ಕಿಂಗ್‌ಪಿನ್, ಅಂದರೆ ಅದರ ನಡುವಿನ ದಪ್ಪ ಬೋಲ್ಟಿನ ನಟ್ ಸಡಿಲಿಸಿ, ಹಿಂದಿನದನ್ನು ಹಾಗೇ ಬಿಡಿ. ಅದಕ್ಕೆ 9/16 ಇಂಚಿನ ಸಾಕೆಟ್ ಬೇಕು. ಮನೆಯಲ್ಲಿರುವ 14ರ ಸ್ಪ್ಯಾನರ್ ಕೂರುವುದಿಲ್ಲ, 15ರದು ನಟ್ಟಿನ ಮೂಲೆ ತಿನ್ನುತ್ತದೆ. ಅರ್ಧರ್ಧ ಸುತ್ತು ಸಡಿಲಿಸುತ್ತಾ ಓಡಿಸಿ ನೋಡಿ. ನಟ್ ಪೂರ್ತಿ ಕಿಂಗ್‌ಪಿನ್ ತುದಿಗೆ ಬರುವಷ್ಟು ಬೇಡ. ಆ ಬೋಲ್ಟಿನ ಸುತ್ತ ಕೂರುವ ರಬ್ಬರಿನಂಥ ಬಳೆಗೆ ಬುಶಿಂಗ್ ಅನ್ನುತ್ತಾರೆ; ಮುಂದೆ ಮೆತ್ತನೆ ಬುಶಿಂಗ್, ಹಿಂದೆ ಗಟ್ಟಿ ಬುಶಿಂಗ್ ಹಾಕಿದರೆ ಇನ್ನೂ ಒಳ್ಳೆಯದು.

ಯಾಕೆ ಹೀಗೆ? ಮುಂದಿನ ಚಕ್ರ ಜಾಸ್ತಿ ತಿರುಗಬೇಕು, ಹಿಂದಿನದು ಗಟ್ಟಿಯಾಗಿ ದಾರಿ ಹಿಡಿದಿರಬೇಕು. ಹಿಂದೆಯೂ ಅಷ್ಟೇ ತಿರುಗಿದರೆ ಹಿಂದಿನ ಕಾಲಿನ ಒತ್ತಡ ಬಾಲ ಅಲ್ಲಾಡಿಸುವುದರಲ್ಲೇ ಕಳೆದುಹೋಗುತ್ತದೆ. ಸ್ಲಾಲಂ ಬೋರ್ಡ್‌ಗಳಲ್ಲಿ ಟ್ರಕ್ಕಿನ ಕೋನವೇ ಬೇರೆ ಬೇರೆ ಇರುತ್ತದೆ. ಮುಂದೆ 50 ಡಿಗ್ರಿ, ಹಿಂದೆ 25 ಡಿಗ್ರಿ ಅಂದುಕೊಳ್ಳಿ. ಡೆಕ್ 10 ಡಿಗ್ರಿ ವಾಲಿದರೆ ಮುಂದಿನ ಚಕ್ರಗಳು ಸುಮಾರು 12 ಡಿಗ್ರಿ ತಿರುಗುತ್ತವೆ, ಹಿಂದಿನವು ಐದಕ್ಕಿಂತ ಕಡಿಮೆ. ಮಾಮೂಲಿ ಬೋರ್ಡಿನಲ್ಲಿ ಇದರ ಒಂದಂಶ ಪಡೆಯಲು ವೆಜ್ ಅಂತ ಸಿಗುವ ಓರೆ ರೈಸರ್ ಹಾಕಬಹುದು. ಮುಂದಿನ ಟ್ರಕ್ಕಿಗೆ ದಪ್ಪ ಬದಿ ಬೋರ್ಡಿನ ನಡುವಿನ ಕಡೆ, ಹಿಂದಿನದಕ್ಕೆ ದಪ್ಪ ಬದಿ ಬಾಲದ ಕಡೆ. ಬೇರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕೇಟ್‌ಬೋರ್ಡಿಗೆ ಹಾಕುವುದು 608 ಸೈಜು, ಊರಿನ ಯಾವುದೇ ಒಳ್ಳೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಸರ್ಫ್‌ಸ್ಕೇಟ್ ಕೊಳ್ಳಬೇಕಾ? ನನ್ನ ಮಾತು ಕೇಳಿದರೆ, ಸ್ಲಾಲಂ ಕಲಿಯಲಿಕ್ಕೆ ಅಂತ ಬೇಡ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಕಾರ್ವರ್ ಕಂಪನಿಯವರು ಅದನ್ನು ರೂಪಿಸಿದ್ದೇ ಅಲೆಯ ಮೇಲಿನ ಸರ್ಫಿಂಗ್ ಅನುಭವ ರಸ್ತೆಯ ಮೇಲೆ ಸಿಗಲಿ ಅಂತ. ಅದರ ಮುಂದಿನ ಟ್ರಕ್ ಎಷ್ಟು ಸಡಿಲ ಅಂದರೆ ನಿಂತಲ್ಲಿಂದಲೇ ಪಂಪ್ ಮಾಡಿ ಹೊರಡಬಹುದು. ಖುಷಿ ಕೊಡುತ್ತದೆ, ಒತ್ತುವ ಹೊತ್ತೂ ಒಂದಿಷ್ಟು ಅರ್ಥವಾಗುತ್ತದೆ. ಆದರೆ ಅಲ್ಲಿ ಭುಜ ತಿರುವಿ ಅಗಲವಾಗಿ ಬಳುಕುವುದೇ ಅಭ್ಯಾಸವಾಗುತ್ತದೆ. ಹತ್ತಿರ ಹತ್ತಿರದ ಕೋನ್‌ಗಳಲ್ಲಿ ಅದೇ ಕೈಕೊಡುತ್ತದೆ. ಸ್ನೇಹಿತರ ಬಳಿ ಇದ್ದರೆ ಒಂದು ಸಂಜೆ ಕೇಳಿ ಪಡೆದು ಆಡಿ. ದುಡ್ಡು ಇದ್ದರೆ ಮೊದಲು ಚಕ್ರ, ಆಮೇಲೆ ಬುಶಿಂಗ್ ಮತ್ತು ವೆಜ್. ಆಸೆ ಇನ್ನೂ ಉಳಿದಿದ್ದರೆ ಆಗ ಸ್ಲಾಲಂ ಟ್ರಕ್ ನೋಡೋಣ.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಎರಡೂ ಹಾಕಿಕೊಳ್ಳಿ. ಸಮತಟ್ಟು ನೆಲ, ಕಡಿಮೆ ವೇಗ ಅಂತ ಬಿಡುವವರೇ ಜಾಸ್ತಿ. ಪಂಪ್ ಮಾಡುವಾಗ ಚಕ್ರ ಜಾರಿದರೆ ದೇಹ ಪಕ್ಕಕ್ಕೆ ಬೀಳುತ್ತದೆ, ಕೈ ತಾನಾಗಿ ನೆಲಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಕಾರುಗಳು ತಂದ ನೀರು, ಎಣ್ಣೆ ಕಲೆ, ಪಾರ್ಕಿಂಗ್ ನಂಬರಿನ ನುಣುಪು ಬಣ್ಣ, ಇವುಗಳ ಮೇಲೆ ಲೋಟ ಇಡಬೇಡಿ.

ಎಷ್ಟು ಹೊತ್ತು ಅಭ್ಯಾಸ ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ತೊಡೆ ದಣಿದರೆ ಮಂಡಿ ಬಾಗುವುದಿಲ್ಲ, ಮತ್ತೆ ಸೊಂಟದಿಂದಲೇ ಎಳೆಯಲು ಶುರು ಮಾಡುತ್ತೀರಿ. ಒಂಬತ್ತು ಅಡಿ ಅಂತರದಲ್ಲಿ ಎರಡು ವಾರ ಮಾಡಿ, ಸೀಮೆಸುಣ್ಣದ ಪರೀಕ್ಷೆ ನೋಡಿ. ಅಷ್ಟಾದ ಮೇಲೂ ಬೆನ್ನು ನೋಯುತ್ತಿದ್ದರೆ ಬೋರ್ಡ್ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಬೆನ್ನು ಸರಿ ಇದ್ದು ವೇಗ ಮಾತ್ರ ಬಾರದೇ ಇದ್ದರೆ ಎದುರಿನಿಂದ ತೆಗೆದ ಸ್ಲೋ ಮೋಷನ್ ವಿಡಿಯೊ ಕಳಿಸಿ. ಲೋಟ, ಗೆರೆ, ನಿಮ್ಮ ಮಂಡಿ ಮೂರೂ ಒಟ್ಟಿಗೆ ಕಾಣುವ ಹಾಗಿರಲಿ.